ಕರುಳು ಕೆರಳಿದಾಗ ಏನು ಊಟ, ತಣಿದಾಗ ಏನು ಊಟ?

ಕೊಲೊನೊಸ್ಕೋಪಿ ಆಯ್ತು, ಬಯಾಪ್ಸಿ ವರದಿ ಬಂತು, ಡಾಕ್ಟರು ಇದು ಐಬಿಡಿ, ಅಂದರೆ ಕರುಳಿನ ಉರಿಯೂತದ ಕಾಯಿಲೆ ಅಂತ ಹೇಳಿ ಮಾತ್ರೆ ಬರೆದರು. ಎದ್ದು ಹೊರಡುವಾಗ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಊಟಕ್ಕೆ ಏನು ಪಥ್ಯ?" ಬರುವ ಉತ್ತರವೂ ಬಹಳ ಸಲ ಒಂದೇ: "ಒಗ್ಗುವುದನ್ನು ತಿನ್ನಿ, ಒಗ್ಗದ್ದನ್ನು ಬಿಡಿ."

ಯಾವುದು ಒಗ್ಗುತ್ತದೆ ಅಂತ ಗೊತ್ತಿದ್ದರೆ ಕೇಳುತ್ತಿದ್ದರೇಕೆ? ಮನೆಗೆ ಬಂದು ಫೋನ್ ತೆರೆದರೆ ಒಬ್ಬರು ಹಾಲು ಬಿಡಿ ಅಂತಾರೆ, ಇನ್ನೊಬ್ಬರು ಗೋಧಿ ಬಿಡಿ ಅಂತಾರೆ, ಮತ್ತೊಬ್ಬರು ನಾರಿರುವ ಯಾವುದನ್ನೂ ಮುಟ್ಟಲೇಬೇಡಿ ಅಂತಾರೆ. ಎಲ್ಲರ ಮಾತನ್ನೂ ಪಾಲಿಸಿದರೆ ಕೊನೆಗೆ ತಟ್ಟೆಯಲ್ಲಿ ಉಳಿಯುವುದು ತಟ್ಟೆ ಮಾತ್ರ.

ಡಾಕ್ಟರ ಚುಟುಕು ಉತ್ತರಕ್ಕೂ ಕಾರಣ ಇದೆ. ಈ ಕಾಯಿಲೆಗೆ ಎಲ್ಲರಿಗೂ ಎಲ್ಲ ಕಾಲಕ್ಕೂ ಹೊಂದುವ ಒಂದೇ ಪಥ್ಯ ಇಲ್ಲ. ಒಬ್ಬರಿಗೇ ಈ ತಿಂಗಳು ತೊಂದರೆ ಕೊಟ್ಟ ತರಕಾರಿ ಮೂರು ತಿಂಗಳ ನಂತರ ಬೇಕೇ ಬೇಕಾಗಬಹುದು. ಇದು ಹೇಗೆ ಅಂತ ತಿಳಿಯಲು ಮೊದಲು ಕಾಯಿಲೆಯನ್ನೇ ಸ್ವಲ್ಪ ನೋಡೋಣ.

ಐಬಿಡಿ ಅಂದರೆ ಯಾವುದು, ಯಾವುದಲ್ಲ

ಐಬಿಡಿ ಒಂದೇ ಕಾಯಿಲೆಯ ಹೆಸರಲ್ಲ. ಕರುಳಿನಲ್ಲಿ ಉರಿಯೂತ ಎದ್ದು, ಇಳಿದು, ಮತ್ತೆ ಏಳುವ ಕಾಯಿಲೆಗಳ ಗುಂಪು ಅದು. ಮುಖ್ಯವಾದವು ಎರಡು: ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆ.

ಕರುಳನ್ನು ಇಟ್ಟಿಗೆಯ ಗೋಡೆ ಅಂದುಕೊಳ್ಳಿ. ಒಳಗಡೆ ಗಿಲಾವು ಬಳಿದಿದೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಹಾಳಾಗುವುದು ಗಿಲಾವು ಮಾತ್ರ, ಅದೂ ದೊಡ್ಡ ಕರುಳಿನಲ್ಲಿ ಮಾತ್ರ. ಗುದನಾಳದಲ್ಲಿ ಶುರುವಾಗಿ ಎಲ್ಲೂ ಬಿಡುವಿಲ್ಲದೆ ಮೇಲಕ್ಕೆ ಹರಡುತ್ತದೆ. ರಕ್ತ ಬೆರೆತ ಭೇದಿ ಇದರ ಗುರುತು. ಕ್ರೋನ್ಸ್ ಹಾಗಲ್ಲ. ಗಿಲಾವನ್ನು ದಾಟಿ ಇಟ್ಟಿಗೆಯವರೆಗೂ ಇಳಿಯುತ್ತದೆ. ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ಅಲ್ಲೊಂದು ತೇಪೆ, ಇಲ್ಲೊಂದು ತೇಪೆ, ನಡುವೆ ಚೆನ್ನಾಗಿರುವ ಕರುಳು. ಸಣ್ಣ ಕರುಳಿನ ಕೊನೆಯ ಭಾಗ ಇದಕ್ಕೆ ತುಂಬ ಇಷ್ಟವಾದ ಜಾಗ. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು ವಿವರಿಸಿದ್ದೂ ಅದೇ ಜಾಗದ ಉರಿಯೂತವನ್ನು. ಹೆಸರು ಬಂದದ್ದು ಹಾಗೆ.

ಐಬಿಎಸ್ ಅನ್ನುವ ಇನ್ನೊಂದು ಹೆಸರನ್ನೂ ನೀವು ಕೇಳಿರುತ್ತೀರಿ. ಅಕ್ಷರ ಒಂದೇ ಬೇರೆ, ಕಾಯಿಲೆ ಪೂರ್ತಿ ಬೇರೆ. ಐಬಿಎಸ್‌ನಲ್ಲಿ ನೋವು, ಉಬ್ಬರ, ಭೇದಿ ಎಲ್ಲ ಇರುತ್ತದೆ, ಆದರೆ ಕರುಳಿನಲ್ಲಿ ಹುಣ್ಣಿರುವುದಿಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಅರ್ಧಕ್ಕರ್ಧ ಗೊಂದಲ ಹುಟ್ಟುವುದೇ ಇಲ್ಲಿ ಅಂತ ನನಗನ್ನಿಸುತ್ತದೆ. ಒಂದರ ಪಥ್ಯವನ್ನು ಇನ್ನೊಂದಕ್ಕೆ ಹೇಳಿರುತ್ತಾರೆ.

ಹಾಗಾದರೆ ಐಬಿಡಿ ಊಟದಿಂದಲೇ ಬಂತಾ? ಒಂದು ತಿಂಡಿಯನ್ನೋ ಒಂದು ತಪ್ಪನ್ನೋ ತೋರಿಸಿ ಇದರಿಂದಲೇ ಬಂತು ಅನ್ನಲು ಆಗುವುದಿಲ್ಲ. ಹುಟ್ಟಿನಿಂದ ಬಂದ ಜೀನ್‌ಗಳು, ಕರುಳಿನ ಬ್ಯಾಕ್ಟೀರಿಯಾ, ಬದುಕುವ ರೀತಿ ಎಲ್ಲ ಸೇರಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಬದುಕುವ ರೀತಿಯಲ್ಲಿ ಊಟವೂ ಸೇರಿದೆ. 21 ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಪ್ಯೂರ್ ಎಂಬ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಕಾರ್ಖಾನೆಯಲ್ಲಿ ತಯಾರಾದ ತಿನಿಸನ್ನು ದಿನಕ್ಕೆ ಐದು ಸಲ ಅಥವಾ ಅದಕ್ಕಿಂತ ಜಾಸ್ತಿ ತಿನ್ನುವವರಲ್ಲಿ, ದಿನಕ್ಕೆ ಒಂದು ಸಲಕ್ಕಿಂತ ಕಡಿಮೆ ತಿನ್ನುವವರಿಗಿಂತ, ಐಬಿಡಿ ಬರುವ ಸಾಧ್ಯತೆ ಸುಮಾರು 1.8 ಪಟ್ಟು ಇತ್ತು. ಇದು ಎರಡರ ನಡುವಿನ ನಂಟನ್ನು ತೋರಿಸುತ್ತದೆ, ಒಬ್ಬೊಬ್ಬರ ಕಾಯಿಲೆಯ ಕಾರಣವನ್ನಲ್ಲ.

ಗಾಯ ಬೇರೆ, ಉರಿ ಬೇರೆ

ಮೊಣಕಾಲು ತರಚಿದೆ. ಅದರ ಮೇಲೆ ಉಪ್ಪು ಬಿತ್ತು. ಜೀವ ಹೋಗುವಷ್ಟು ಉರಿಯುತ್ತದೆ, ಅಲ್ವಾ? ಆದರೆ ಗಾಯ ಮಾಡಿದ್ದು ಉಪ್ಪಲ್ಲ. ಉಪ್ಪು ತೊಳೆದರೆ ಉರಿ ನಿಲ್ಲುತ್ತದೆ, ಗಾಯ ಹಾಗೇ ಇರುತ್ತದೆ.

ಐಬಿಡಿಯ ಪಥ್ಯದ ಬಗ್ಗೆ ಒಂದೇ ಒಂದು ವಿಷಯ ನೆನಪಿಡಬೇಕು ಅಂದರೆ ಇದನ್ನೇ ಇಡಿ. ನೋವು, ಉಬ್ಬರ, ಅವಸರದ ಭೇದಿ ಇವೆಲ್ಲ ಉರಿ. ಕರುಳಿನ ಉರಿಯೂತ ಗಾಯ. ಕೆಲವು ಊಟ ಉರಿಯನ್ನು ಕಡಿಮೆ ಮಾಡುತ್ತದೆ. ಗಾಯ ಮಾಯುವಂತೆ ಮಾಡುವ ಊಟ ತೀರಾ ಕಡಿಮೆ.

ಫಾಡ್‌ಮ್ಯಾಪ್ ಡಯಟ್ ಇದಕ್ಕೆ ಒಳ್ಳೆಯ ಉದಾಹರಣೆ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಪಥ್ಯ ಇದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಕಾಳು, ಹಾಲು, ಕೆಲವು ಹಣ್ಣುಗಳಲ್ಲಿ ಇರುವ ಕೆಲವು ಬಗೆಯ ಸಕ್ಕರೆ ಸಣ್ಣ ಕರುಳಿನಲ್ಲಿ ಪೂರ್ತಿ ಹೀರಲ್ಪಡುವುದಿಲ್ಲ. ಅವು ದೊಡ್ಡ ಕರುಳಿಗೆ ಜಾರಿ, ಬ್ಯಾಕ್ಟೀರಿಯಾದ ಬಾಯಿಗೆ ಸಿಕ್ಕಿ, ಹುಳಿದು ಗಾಳಿಯಾಗುತ್ತವೆ. ನೀರನ್ನೂ ಎಳೆದುಕೊಳ್ಳುತ್ತವೆ. ಇವನ್ನು ಕೆಲವು ವಾರ ಬಿಟ್ಟರೆ ಹೊಟ್ಟೆ ಹಗುರಾಗುತ್ತದೆ. ಐಬಿಡಿ ತಣ್ಣಗಿದ್ದರೂ ಉಬ್ಬರ ಹೋಗದವರಿಗೆ ಇದರಿಂದ ಆರಾಮ ಸಿಕ್ಕಿದೆ. ಆದರೆ ಉರಿಯೂತ ಇದರಿಂದ ಇಳಿದಿಲ್ಲ. ಉಪ್ಪು ತೊಳೆದದ್ದು ಅಷ್ಟೆ. ಆ ಆರಾಮ ಸಣ್ಣದೇನಲ್ಲ, ಆದರೆ "ಈಗ ಚೆನ್ನಾಗಿದ್ದೇನೆ, ಮಾತ್ರೆ ಯಾಕೆ?" ಅಂತ ನಿಲ್ಲಿಸಿದವರ ಕರುಳಿನೊಳಗೆ ಗಾಯ ಸದ್ದಿಲ್ಲದೆ ಬೆಳೆಯಬಹುದು.

ಗಾಯ ಇದೆಯೋ ಇಲ್ಲವೋ ಅಂತ ಹೊಟ್ಟೆಯನ್ನು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಅದಕ್ಕೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಇದೆ. ಉರಿಯೂತ ಇರುವ ಕಡೆ ಬಿಳಿ ರಕ್ತಕಣಗಳು ಸೇರುತ್ತವೆ, ಅವುಗಳೊಳಗಿನ ಒಂದು ಪ್ರೋಟೀನ್ ಮಲಕ್ಕೆ ಬರುತ್ತದೆ. ಒಂದು ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯ. 250 ದಾಟಿದರೆ ಉರಿಯೂತ ಜೋರಾಗಿರುವ ಸಾಧ್ಯತೆ ಹೆಚ್ಚು. ಪಥ್ಯ ಬದಲಿಸುವ ಮುಂಚೆ ಒಮ್ಮೆ, ಕೆಲವು ವಾರಗಳ ನಂತರ ಒಮ್ಮೆ ಈ ಸಂಖ್ಯೆ ನೋಡಿದರೆ ಬರಿಯ ಅನ್ನಿಸಿಕೆಗಿಂತ ಗಟ್ಟಿಯಾದ ಸುಳಿವು ಸಿಗುತ್ತದೆ.

ಕೆರಳಿದಾಗ

ದಿನಕ್ಕೆ ಆರು, ಎಂಟು, ಹತ್ತು ಸಲ ಓಡುತ್ತಿರುವಾಗ ಗುರಿ ಎರಡೇ: ಕರುಳಿಗೆ ಕೆಲಸ ಕಡಿಮೆ ಕೊಡಬೇಕು, ದೇಹಕ್ಕೆ ಆಹಾರ ಕಡಿಮೆ ಆಗಬಾರದು. ಇವೆರಡೂ ಒಂದಕ್ಕೊಂದು ಎದುರು. ಕಷ್ಟ ಇರುವುದೇ ಅಲ್ಲಿ.

ದೊಡ್ಡ ಊಟ ಮೂರು ಮಾಡುವ ಬದಲು ಸಣ್ಣದು ಐದಾರು ಮಾಡಿ. ಮೆತ್ತಗೆ ಬೇಯಿಸಿದ್ದು, ಸಿಪ್ಪೆ ಬೀಜ ತೆಗೆದದ್ದು, ಜಿಡ್ಡು ಕಡಿಮೆ ಇರುವುದು ಸುಲಭ. ಕರಿದದ್ದು, ಮದ್ಯ, ಜಾಸ್ತಿ ಕಾಫಿ ಆಗ ಬೇಡ. ಸಕ್ಕರೆ ತುಂಬಿದ ಜ್ಯೂಸು, ಸೋಡಾ ಕೂಡ ಬೇಡ, ಅವು ಕರುಳಿಗೆ ನೀರೆಳೆದು ಭೇದಿಯನ್ನು ಹೆಚ್ಚಿಸುತ್ತವೆ. "ಶುಗರ್ ಫ್ರೀ" ಮಿಠಾಯಿಯ ಸಾರ್ಬಿಟಾಲ್ ಮಾಡುವುದೂ ಅದನ್ನೇ.

ಬರೀ ನೀರು ಕುಡಿದರೆ ಸಾಲದು, ಭೇದಿಯಲ್ಲಿ ಉಪ್ಪೂ ಹೋಗಿರುತ್ತದೆ. ಓಆರ್‌ಎಸ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಣ್ಣ ಕರುಳಿನ ಗೋಡೆಯಲ್ಲಿ ಸಕ್ಕರೆ ಮತ್ತು ಉಪ್ಪು ಕೈ ಕೈ ಹಿಡಿದು ಒಟ್ಟಿಗೆ ಒಳಗೆ ಹೋಗುವ ಒಂದು ಬಾಗಿಲಿದೆ. ಅವು ಹೋದ ದಾರಿಯಲ್ಲೇ ನೀರು ಹಿಂಬಾಲಿಸುತ್ತದೆ. ಅದಕ್ಕೇ ಎರಡೂ ಅಳತೆ ಪ್ರಕಾರ ಇರಬೇಕು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ.

ಜನ ಮರೆಯುವುದು ಪ್ರೋಟೀನನ್ನು. ಉರಿಯೂತದಲ್ಲಿ ದೇಹ ತನ್ನ ಮಾಂಸಖಂಡವನ್ನೇ ಕರಗಿಸುತ್ತದೆ. ಕಾಯಿಲೆ ತಣ್ಣಗಿರುವಾಗ ದಿನಕ್ಕೆ, ಒಂದು ಕಿಲೋ ತೂಕಕ್ಕೆ ಒಂದು ಗ್ರಾಂ ಸಾಕು. ಕೆರಳಿದಾಗ 1.2ರಿಂದ 1.5 ಗ್ರಾಂ ಬೇಕು ಅನ್ನುತ್ತದೆ ಯುರೋಪಿನ ಪೋಷಣಾ ತಜ್ಞರ ಸಂಸ್ಥೆ ಎಸ್ಪೆನ್. 60 ಕಿಲೋ ತೂಗುವವರಿಗೆ 60 ಗ್ರಾಂ ಇದ್ದದ್ದು 72ರಿಂದ 90 ಗ್ರಾಂ ಆಯಿತು. ಹೊಟ್ಟೆ ಕೆಟ್ಟಿದೆ ಅಂತ ಗಂಜಿಯಲ್ಲೇ ವಾರಗಟ್ಟಲೆ ಕಳೆದರೆ ಇದರ ಕಾಲು ಭಾಗವೂ ಸಿಗುವುದು ಕಷ್ಟ. ಮೊಟ್ಟೆ, ಮೀನು, ಕೋಳಿ, ಮೆತ್ತಗಿನ ತೋಫು, ಒಗ್ಗಿದರೆ ಮೊಸರು, ಇವುಗಳಲ್ಲಿ ಏನಾದರೊಂದು ಪ್ರತಿ ಸಣ್ಣ ಊಟದಲ್ಲೂ ಇರಲಿ.

ಉಂಡ ತಕ್ಷಣ ಓಡಬೇಕಾಗಿ ಬಂದರೆ "ಈಗ ತಿಂದದ್ದೇ ಆಗಲಿಲ್ಲ" ಅಂತ ಅದನ್ನು ಪಟ್ಟಿಯಿಂದ ಹೊಡೆದು ಹಾಕುವವರು ಬಹಳ. ಹೊಟ್ಟೆಗೆ ಏನು ಬಿದ್ದರೂ ದೊಡ್ಡ ಕರುಳು ಅಲುಗುತ್ತದೆ. ಎಲ್ಲರಿಗೂ ಇರುವ ಸಹಜ ಪ್ರತಿಕ್ರಿಯೆ ಇದು. ಉರಿಯೂತ ಇರುವ ಕರುಳಿನಲ್ಲಿ ಅದೇ ಅವಸರವಾಗುತ್ತದೆ. ಆಗ ಹೊರಗೆ ಹೋಗುವುದು ಬಹುಮಟ್ಟಿಗೆ ಹಿಂದಿನ ಊಟಗಳು, ಈಗ ತಿಂದದ್ದಲ್ಲ. ಪಾಪ, ತಪ್ಪಿಲ್ಲದ ಎಷ್ಟು ತರಕಾರಿಗಳಿಗೆ ಹೀಗೆ ಶಿಕ್ಷೆಯಾಗಿದೆಯೋ!

ನಾರಿನ ಮೇಲಿನ ಅಪವಾದ

ನಾರು ಅಂದರೆ ನಾವು ಜೀರ್ಣಿಸಲಾಗದ ಗಿಡದ ಭಾಗ. ಅದರಲ್ಲಿ ಎರಡು ಬಗೆ. ಒಂದು ಕಸಪೊರಕೆಯಂಥದ್ದು: ಗೋಧಿ ಹೊಟ್ಟು, ಹಣ್ಣಿನ ಸಿಪ್ಪೆ, ಬೀಜ, ಸೊಪ್ಪಿನ ದಂಟು. ನೀರಲ್ಲಿ ಕರಗದೆ ಗೋಡೆ ಉಜ್ಜಿಕೊಂಡೇ ಹೋಗುತ್ತದೆ. ಇನ್ನೊಂದು ಸ್ಪಂಜಿನಂಥದ್ದು: ಓಟ್ಸ್, ಬಾಳೆಹಣ್ಣು, ಸಿಪ್ಪೆ ತೆಗೆದು ಬೇಯಿಸಿದ ಸೇಬು, ಬೆಂದ ಕ್ಯಾರೆಟ್ ಇಂಥವುಗಳಲ್ಲಿ ಇದು ಚೆನ್ನಾಗಿ ಸಿಗುತ್ತದೆ. ನೀರು ಹಿಡಿದು ಲೋಳೆಯಾಗುತ್ತದೆ, ತೆಳುವಾದ ಮಲವನ್ನು ಗಟ್ಟಿ ಮಾಡಲೂ ನೆರವಾಗುತ್ತದೆ. ಕರುಳು ಹಸಿ ಗಾಯವಾಗಿರುವಾಗ ಪೊರಕೆ ಬೇಡ ಅನ್ನುವುದು ನ್ಯಾಯ. ಸ್ಪಂಜನ್ನೂ ಸೇರಿಸಿ ಜೀವನಪೂರ್ತಿ ನಾರೇ ಬೇಡ ಅನ್ನುವುದು ಅತಿಯಾಯಿತು.

ನಾರು ನಮ್ಮ ಊಟ ಅಲ್ಲದಿದ್ದರೂ ಕರುಳಿನ ಬ್ಯಾಕ್ಟೀರಿಯಾಕ್ಕೆ ಊಟ. ಅವು ಅದನ್ನು ತಿಂದು ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮ್ಮ ಶಕ್ತಿಯ ಹೆಚ್ಚಿನ ಪಾಲನ್ನು ಪಡೆಯುವುದು ಈ ಬ್ಯುಟಿರೇಟಿನಿಂದಲೇ. ನಾರು ಸಿಗದಿದ್ದರೆ ಬ್ಯಾಕ್ಟೀರಿಯಾ ಸುಮ್ನೆ ಕೂರುವುದಿಲ್ಲ. ನಾರಿಲ್ಲದ ಆಹಾರ ಕೊಟ್ಟ ಇಲಿಗಳಲ್ಲಿ ಅವು ಕರುಳನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗಿದ್ದನ್ನು 2016ರ ಒಂದು ಅಧ್ಯಯನ ತೋರಿಸಿತು. ಅದೇ ವರ್ಷ ಅಮೆರಿಕದ ರೋಗಿಗಳ ಒಂದು ಸಮೀಕ್ಷೆ ಬಂತು. ಕಾಯಿಲೆ ತಣ್ಣಗಿದ್ದಾಗ ನಾರನ್ನು ದೂರ ಇಡದ ಕ್ರೋನ್ಸ್ ರೋಗಿಗಳಲ್ಲಿ, ದೂರ ಇಟ್ಟವರಿಗಿಂತ, ಆರು ತಿಂಗಳೊಳಗೆ ಕಾಯಿಲೆ ಕೆರಳುವ ಸಾಧ್ಯತೆ ಸುಮಾರು 40% ಕಡಿಮೆ ಇತ್ತು. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಕೆರಳಿದ್ದು ಇಳಿದ ಮಾರನೇ ದಿನವೇ ಬಟ್ಟಲು ತುಂಬ ಹಸಿ ಸಲಾಡ್ ತಿನ್ನಬೇಡಿ. ಮೊದಲು ಸಿಪ್ಪೆ ತೆಗೆದು ಬೇಯಿಸಿ ಅರೆದದ್ದು. ಅದು ಒಗ್ಗಿದರೆ ಬೇಯಿಸಿ ಹೋಳು ಮಾಡಿದ್ದು. ಆಮೇಲೆ ಸಿಪ್ಪೆ ಸಮೇತ. ಹಸಿಯದು ಕೊನೆಗೆ. ತರಕಾರಿ ಅದೇ, ರೂಪ ಬೇರೆ.

ಒಂದು ಸಂದರ್ಭ ಮಾತ್ರ ಪೂರ್ತಿ ಬೇರೆ. ಕ್ರೋನ್ಸ್ ಹಳೆಯದಾದಾಗ ಕೆಲವರ ಕರುಳಿನ ಗೋಡೆ ದಪ್ಪಗಾಗಿ ಒಳದಾರಿ ಕಿರಿದಾಗುತ್ತದೆ. ಕಿರಿದಾದ ಪೈಪಿನಲ್ಲಿ ನೀರು ಹೋಗುತ್ತದೆ, ನಾರಿನ ಉಂಡೆ ಸಿಕ್ಕಿಕೊಳ್ಳುತ್ತದೆ. ಜೋಳದ ಕಾಳು, ಇಡೀ ಬೀಜಗಳು, ಕಿತ್ತಳೆಯ ತೊಳೆ, ಅಣಬೆ, ಹಸಿ ದಂಟು ಇವರಿಗೆ ನಿಜಕ್ಕೂ ಅಪಾಯ. ನಿಮ್ಮ ಸ್ಕ್ಯಾನ್ ವರದಿಯಲ್ಲಿ "ಸ್ಟ್ರಿಕ್ಚರ್" ಅಂತ ಇದೆಯಾ ಎಂದು ಡಾಕ್ಟರನ್ನು ಕೇಳಿ. ನಾರಿನ ಬಗ್ಗೆ ಇಲ್ಲಿ ಹೇಳಿದ ಒಳ್ಳೆಯ ಮಾತೆಲ್ಲ ಆ ಉತ್ತರದ ಮೇಲೆ ನಿಂತಿದೆ.

ಊಟವೇ ಔಷಧಿಯಾಗುವುದು ಎಲ್ಲಿ

ಗಾಯ ಮಾಯುವಂತೆ ಮಾಡುವ ಊಟ ತೀರಾ ಕಡಿಮೆ ಅಂದೆ. ಕ್ರೋನ್ಸ್ ಇರುವ ಮಕ್ಕಳಲ್ಲಿ ಅಂಥದ್ದೊಂದು ಇದೆ. ಆರರಿಂದ ಎಂಟು ವಾರ ಬೇರೆ ಏನನ್ನೂ ತಿನ್ನದೆ, ಎಲ್ಲ ಪೋಷಕಾಂಶ ಇರುವ ಒಂದು ದ್ರವವನ್ನು ಮಾತ್ರ ಕುಡಿಯುವುದು. ಇಂಗ್ಲಿಷ್ ಹೆಸರನ್ನು ಚಿಕ್ಕದು ಮಾಡಿ ಇದನ್ನು ಇಇಎನ್ ಅನ್ನುತ್ತಾರೆ. ಕಾಯಿಲೆಯನ್ನು ತಣಿಸುವುದರಲ್ಲಿ ಇದು ಸ್ಟೀರಾಯ್ಡಿಗೆ ಸರಿಸಮ. ಅದರ ಜೊತೆಗೆ ಹುಣ್ಣು ಮಾಯುತ್ತದೆ, ಮಗುವಿನ ಬೆಳವಣಿಗೆಗೆ ಸ್ಟೀರಾಯ್ಡಿನ ಪೆಟ್ಟು ಬೀಳುವುದಿಲ್ಲ. ಅದಕ್ಕೇ ಅನೇಕ ದೇಶಗಳಲ್ಲಿ ಮಕ್ಕಳಿಗೆ ಇದೇ ಮೊದಲ ಚಿಕಿತ್ಸೆ. ದೊಡ್ಡವರಲ್ಲೂ ಕೆಲಸ ಮಾಡುತ್ತದೆ, ಆದರೆ ಎರಡು ತಿಂಗಳು ಅಗಿಯದೆ ಇರುವುದು ಹೇಳಿದಷ್ಟು ಸುಲಭ ಅಲ್ಲ. ಅಲ್ಸರೇಟಿವ್ ಕೊಲೈಟಿಸ್‌ಗೆ ಇದು ಚಿಕಿತ್ಸೆಯಲ್ಲ.

ಅಗಿಯುವ ಊಟವನ್ನೂ ಸೇರಿಸಿದರೆ ಹೇಗೆ ಅಂತ ಯೋಚಿಸಿ ಮಾಡಿದ್ದು ಸಿಡಿಇಡಿ ಅನ್ನುವ ಪಥ್ಯ. ಅರ್ಧದಷ್ಟು ದ್ರವ, ಉಳಿದದ್ದು ಆಯ್ದ ಮನೆಯಡುಗೆ. 2019ರಲ್ಲಿ ಎಪ್ಪತ್ತು ಚಿಲ್ಲರೆ ಮಕ್ಕಳ ಮೇಲೆ ಇದನ್ನು ಇಇಎನ್ ಎದುರು ಪರೀಕ್ಷಿಸಿದರು. ಆರನೇ ವಾರದಲ್ಲಿ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಆಮೇಲೆ ಇಇಎನ್ ಮಕ್ಕಳು ಮೆಲ್ಲಗೆ ಮಾಮೂಲಿ ಊಟಕ್ಕೆ ಮರಳಿದರು. 12ನೇ ವಾರಕ್ಕೆ ಸ್ಟೀರಾಯ್ಡ್ ಇಲ್ಲದೆ ತಣ್ಣಗಿದ್ದವರು ಸಿಡಿಇಡಿಯಲ್ಲಿ ನೂರಕ್ಕೆ 76, ಇನ್ನೊಂದರಲ್ಲಿ 45. ಆದರೆ ಇವೆರಡೂ ಡಾಕ್ಟರು ಮತ್ತು ಡಯಟೀಷಿಯನ್ ಕಣ್ಣಳತೆಯಲ್ಲಿ ಮಾಡುವಂಥವು. ಡಬ್ಬ ತಂದು ಮನೆಯಲ್ಲಿ ತಾವೇ ಶುರು ಮಾಡುವಂಥವಲ್ಲ.

ಹೆಸರು ಮಾಡಿದ ಇನ್ನೊಂದು ಪಥ್ಯ, ಧಾನ್ಯ ಮತ್ತು ಬಹುತೇಕ ಸಕ್ಕರೆ ಎರಡನ್ನೂ ಬಿಡಿಸುವ ಎಸ್‌ಸಿಡಿ. ಅದನ್ನು ಪಾಲಿಸುವುದು ದೊಡ್ಡ ತಪಸ್ಸು. 2021ರಲ್ಲಿ ಬಂದ ಅಮೆರಿಕದ ಪ್ರಯೋಗದಲ್ಲಿ ಅದನ್ನು ಸರಳವಾದ ಮೆಡಿಟರೇನಿಯನ್ ಊಟದ ಜೊತೆ ಹೋಲಿಸಿದರು. ತರಕಾರಿ, ಹಣ್ಣು, ಕಾಳು, ಮೀನು, ಆಲಿವ್ ಎಣ್ಣೆ ಜಾಸ್ತಿ, ಕೆಂಪು ಮಾಂಸ ಕಡಿಮೆ ಇರುವ ಊಟ ಅದು. ಕ್ರೋನ್ಸ್‌ನ ತೊಂದರೆ ಇಳಿದವರು ಆರನೇ ವಾರಕ್ಕೆ ಎಸ್‌ಸಿಡಿಯಲ್ಲಿ 46.5%, ಮೆಡಿಟರೇನಿಯನ್ನಿನಲ್ಲಿ 43.5%. ಅಂದರೆ ಹೆಚ್ಚು ಕಡಿಮೆ ಒಂದೇ. ಆ ತಪಸ್ಸಿಗೆ ಹೆಚ್ಚಿನ ಫಲ ಸಿಗಲಿಲ್ಲ. ಬೇರೆ ಅಡ್ಡಿ ಇಲ್ಲದಿದ್ದರೆ ಐಬಿಡಿ ಇರುವವರಿಗೆ ಮೆಡಿಟರೇನಿಯನ್ ಮಾದರಿಯೇ ಒಳ್ಳೆಯದು ಅಂತ ಅಮೆರಿಕದ ಜಠರ ಕರುಳು ತಜ್ಞರ ಸಂಘ 2024ರಲ್ಲಿ ಸಲಹೆ ಕೊಟ್ಟಿತು.

ಕಾರ್ಖಾನೆ ತಿನಿಸಿನ ಲೇಬಲ್ ನೋಡುವ ಅಭ್ಯಾಸವೂ ಒಳ್ಳೆಯದು. ಎಣ್ಣೆ ಮತ್ತು ನೀರು ಬೇರೆಯಾಗದಂತೆ, ತಿನಿಸು ನುಣುಪಾಗಿ ಉಳಿಯುವಂತೆ ಹಾಕುವ ಪದಾರ್ಥಗಳಿರುತ್ತವೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ (466), ಪಾಲಿಸಾರ್ಬೇಟ್ 80 (433) ಇಂಥವು. 2015ರಲ್ಲಿ ಇವನ್ನು ತಿಂದ ಇಲಿಗಳಲ್ಲಿ ಬ್ಯಾಕ್ಟೀರಿಯಾ ಲೋಳೆಯ ಪದರ ದಾಟಿ ಕರುಳಿನ ಗೋಡೆಗೆ ಹತ್ತಿರ ಬಂದವು. ಮನುಷ್ಯರು ಇಲಿಗಳಲ್ಲ, ಸರಿ. ಆದರೆ ಇವನ್ನು ಬಿಟ್ಟರೆ ಪೌಷ್ಟಿಕತೆ ಏನೂ ಕಳೆದುಕೊಳ್ಳುವುದಿಲ್ಲವಲ್ಲ.

ಗೊತ್ತಾಗದೆ ಖಾಲಿಯಾಗುವವು

ವಿಟಮಿನ್ ಬಿ12 ಹೀರಲ್ಪಡುವುದು ಸಣ್ಣ ಕರುಳಿನ ಕೊನೆಯ ತುದಿಯಲ್ಲಿ ಮಾತ್ರ. ಕ್ರೋನ್ಸ್‌ಗೆ ಇಷ್ಟವಾದ ಜಾಗವೂ ಅದೇ. ಆ ತುದಿಯಲ್ಲಿ 20 ಸೆಂಟಿಮೀಟರ್‌ಗಿಂತ ಹೆಚ್ಚು ಕತ್ತರಿಸಿ ತೆಗೆದಿದ್ದರೆ ಬಿ12 ಕೊರತೆಯಾಗುವ ಸಾಧ್ಯತೆ ಹೆಚ್ಚು. ಊಟದಲ್ಲಿ ಎಷ್ಟಿದ್ದರೂ ಸಾಲದೆ ಹೋಗಬಹುದು, ಇಂಜೆಕ್ಷನ್ ಬೇಕಾಗಬಹುದು.

ಕಬ್ಬಿಣದ ಕಥೆ ಇನ್ನೂ ವಿಚಿತ್ರ. ರಕ್ತ ಹೋಗಿ ಕಬ್ಬಿಣ ಕಡಿಮೆಯಾಗಿರುತ್ತದೆ. ಆದರೆ ಉರಿಯೂತ ಇರುವಾಗ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನು ಬಿಟ್ಟು, ಕರುಳಿನಿಂದ ಕಬ್ಬಿಣ ಒಳಗೆ ಬರುವ ಬಾಗಿಲನ್ನೇ ಮುಚ್ಚುತ್ತದೆ. ನುಂಗಿದ ಮಾತ್ರೆ ಹೊಟ್ಟೆ ಕೆಡಿಸಿ ಹೊರಗೆ ಹೋಗುತ್ತದೆ. ಕಾಯಿಲೆ ಜೋರಾಗಿದ್ದಾಗ, ಅಥವಾ ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿದ್ದಾಗ ಡಾಕ್ಟರು ಕಬ್ಬಿಣವನ್ನು ನರಕ್ಕೇ ಕೊಡುವುದು ಇದಕ್ಕಾಗಿ.

ಸ್ಟೀರಾಯ್ಡ್ ಮೂಳೆಯನ್ನು ಸವೆಸುತ್ತದೆ, ಆಗ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬೇಕು. ಸಲ್ಫಸಲಜಿನ್ ಅಥವಾ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಫೋಲಿಕ್ ಆಸಿಡ್ ಬೇಕು. ರಕ್ಷಣಾ ಶಕ್ತಿಯನ್ನು ತಗ್ಗಿಸುವ ಔಷಧಿಯಲ್ಲಿ ಇರುವವರು ಕಾಯಿಸದ ಹಾಲು, ಅರೆಬೆಂದ ಮೊಟ್ಟೆ ಮಾಂಸ, ಹಸಿ ಮೊಳಕೆಕಾಳು ಬಿಡುವುದು ಕ್ಷೇಮ.

ಹಾಲನ್ನೇ ಪೂರ್ತಿ ಬಿಡಬೇಕಾ? ಹಾಲಿನ ಸಕ್ಕರೆ ಜೀರ್ಣವಾಗದವರಿಗೆ ಹಾಲು ಉಬ್ಬರ ತರುತ್ತದೆ, ಉರಿಯೂತ ತರುವುದಿಲ್ಲ. ಮೊಸರಿನಲ್ಲಿ ಆ ಸಕ್ಕರೆ ಕಡಿಮೆ, ಗಟ್ಟಿ ಚೀಸಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಒಗ್ಗುವವರು ಸುಮ್ನೆ ಬಿಟ್ಟರೆ ಹೋಗುವುದು ಕ್ಯಾಲ್ಸಿಯಂ.

ನಿಮ್ಮ ಪಟ್ಟಿ ನೀವೇ ಮಾಡುವುದು

ಒಂದು ನೋಟ್‌ಬುಕ್ ಇಡಿ. ಏನು ತಿಂದಿರಿ, ಎಷ್ಟು, ಎಷ್ಟು ಸಲ ಹೋದಿರಿ, ನೋವು ಎಷ್ಟು ಅಂತ ಬರೆಯಿರಿ. ನಿದ್ದೆ ಕೆಟ್ಟದ್ದು, ಮಾತ್ರೆ ತಪ್ಪಿದ್ದು ಕೂಡ ಬರೆಯಿರಿ. ಹಲವು ಸಲ ಕಳ್ಳ ಸಿಗುವುದು ಈ ಕೊನೆಯ ಎರಡು ಸಾಲಿನಲ್ಲಿ.

ಅನುಮಾನ ಬಂದ ಪದಾರ್ಥ ಒಂದನ್ನು ಮಾತ್ರ ಎರಡು ಮೂರು ವಾರ ಬಿಡಿ. ಎರಡನ್ನು ಒಟ್ಟಿಗೆ ಬಿಟ್ಟರೆ ಯಾವುದು ಅಂತ ಗೊತ್ತಾಗುವುದಿಲ್ಲ. ಆಮೇಲೆ ಮೊದಲ ದಿನ ಒಂದು ಚಮಚ, ಎರಡನೇ ದಿನ ಅರ್ಧ ಪಾಲು, ಮೂರನೇ ದಿನ ಪೂರ್ತಿ ಪಾಲು ತಿಂದು ನೋಡಿ. ತೊಂದರೆ ಮರಳಿ ಬಂದರೆ ಸದ್ಯಕ್ಕೆ ಅದು ಬೇಡ, ಆರು ತಿಂಗಳ ನಂತರ ಇನ್ನೊಮ್ಮೆ ಪರೀಕ್ಷಿಸಿ. ಬಾರದಿದ್ದರೆ ಮರ್ಯಾದೆಯಿಂದ ತಟ್ಟೆಗೆ ವಾಪಸ್ ಕರೆಯಿರಿ. ಬಿಡುವ ಪಟ್ಟಿ ಬೆಳೆಯುತ್ತಲೇ ಇದ್ದು ತೂಕ ಇಳಿಯುತ್ತಿದ್ದರೆ, ಊಟ ಅಂದರೇ ಹೆದರಿಕೆ ಆಗುತ್ತಿದ್ದರೆ, ಡಯಟೀಷಿಯನ್ ಹತ್ತಿರ ಹೋಗುವ ಹೊತ್ತು ಬಂದಿದೆ ಅಂತಲೇ ಲೆಕ್ಕ.

ಪಥ್ಯದ ಮಾತೇ ಎತ್ತಬಾರದ ದಿನಗಳೂ ಇವೆ. ಹೊಟ್ಟೆ ಉಬ್ಬಿ ಹಿಂಡುವ ನೋವು, ವಾಂತಿ, ಗಾಳಿಯೂ ಹೋಗದಿರುವುದು, ಇವು ಒಟ್ಟಿಗೆ ಬಂದರೆ ಕರುಳು ಕಟ್ಟಿರಬಹುದು. ಜ್ವರದ ಜೊತೆ ರಕ್ತಭೇದಿ ನಿಲ್ಲದಿದ್ದರೂ ಅಷ್ಟೇ. ಏನೂ ತಿನ್ನದೆ ನೇರವಾಗಿ ಆಸ್ಪತ್ರೆಗೆ ಹೋಗಿ.